ಅಮೆರಿಕವನ್ನು ಅಳೆದ ಮಂಗಳೂರಿನ ಹೆಣ್ಣುಮಗಳು

ಮುಂಬಯಿ ಕನ್ನಡಿಗರ ಮನೆಗಳಿಗೆ ಅಮೆರಿಕದ ರಾಜಕೀಯ ಈಗ ದೂರದ ಸುದ್ದಿಯಲ್ಲ. ಡೊಂಬಿವಲಿಯಿಂದ ದಹಿಸರ್‌ವರೆಗೆ ಯಾರ ಮನೆಗೆ ಹೋದರೂ ಒಬ್ಬ ಮಗನೋ ಸೊಸೆಯೋ ಮೊಮ್ಮಗಳೋ ಅಲ್ಲಿದ್ದಾರೆ. ಅಲ್ಲಿ ವೀಸಾದ ನಿಯಮ ಬದಲಾದರೆ ಇಲ್ಲಿ ತಾಯಂದಿರಿಗೆ ನಿದ್ದೆ ಬರುವುದಿಲ್ಲ. ಆದರೂ ಅಲ್ಲಿಯ ಚುನಾವಣೆಯ ಮಾತು ಬಂದಾಗ ಅಭಿಪ್ರಾಯ ಹೇಳುವವರು ಹೆಚ್ಚಾಗಿ ಗಂಡಸರು. ಹೆಂಗಸರು ಬಾಯಿ ಹಾಕಿದರೆ ‘ನಿಮಗ್ಯಾಕೆ ಈ ರಾಜಕೀಯ?’ ಎಂಬ ಮಾತು ಇವತ್ತಿಗೂ ಕೇಳಿಬರುತ್ತದೆ.

ಈ ಪ್ರಶ್ನೆಗೆ ಸುಮಾರು ಎಂಬತ್ತು ವರ್ಷಗಳ ಹಿಂದೆಯೇ ಉತ್ತರ ಕೊಟ್ಟವರು ಕಮಲಾದೇವಿ ಚಟ್ಟೋಪಾಧ್ಯಾಯ. ಅವರು ಅಮೆರಿಕದ ಬಗ್ಗೆ ಎರಡು ಪುಸ್ತಕ ಬರೆದರು. 1944ರಲ್ಲಿ ‘ಅಂಕಲ್ ಸ್ಯಾಮ್ಸ್ ಎಂಪೈರ್’, 1946ರಲ್ಲಿ ‘ಅಮೆರಿಕಾ: ದಿ ಲ್ಯಾಂಡ್ ಆಫ್ ಸೂಪರ್‌ಲೇಟಿವ್ಸ್’. ಎರಡೂ ಇಂಗ್ಲಿಷಿನವು, ಎರಡೂ ಪ್ರಕಟವಾದದ್ದು ನಮ್ಮ ಮುಂಬಯಿಯಲ್ಲಿ. ಕರಕುಶಲ ಕಲೆಗಳನ್ನು ಉಳಿಸಿದವರೆಂದು ಕಮಲಾದೇವಿಯವರನ್ನು ನಾವೆಲ್ಲ ಬಲ್ಲೆವು. ಕೈಮಗ್ಗದ ಸೀರೆ ಉಡುವಾಗ ಅವರ ಹೆಸರು ನೆನೆಯುವವರೂ ಇದ್ದಾರೆ. ಆದರೆ ರಾಜಕೀಯವನ್ನು ಇಷ್ಟು ಹತ್ತಿರದಿಂದ ನೋಡಿ ಬರೆದ ಕಮಲಾದೇವಿ ನಮ್ಮ ನೆನಪಿನಿಂದ ಜಾರಿಹೋಗಿದ್ದಾರೆ.

ಅವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಕುಟುಂಬದಲ್ಲಿ. ತಂದೆ ಅನಂತಯ್ಯ ಧಾರೇಶ್ವರ, ತಾಯಿ ಗಿರಿಜಾಬಾಯಿ. ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ, ಸ್ವಲ್ಪ ಕಾಲದಲ್ಲೇ ವಿಧವೆಯಾದರು. ಆ ಕಾಲದಲ್ಲಿ ಅಂಥ ಹುಡುಗಿಯ ಬದುಕು ಒಳಮನೆಯ ಮೂಲೆಯಲ್ಲಿ ಮುಗಿಯುವುದೇ ವಾಡಿಕೆ. ಕಮಲಾದೇವಿ ಮದರಾಸಿಗೆ ಹೋಗಿ ಓದಿದರು. ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮರುಮದುವೆಯಾದರು.

1921ರಲ್ಲಿ ಮದರಾಸು ಮತ್ತು ಮುಂಬಯಿ ಪ್ರಾಂತಗಳಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿತು. ಆದರೆ ಅದು ಆಸ್ತಿಪಾಸ್ತಿ ಇದ್ದವರಿಗೆ ಮಾತ್ರ. ಚುನಾವಣೆಗೆ ನಿಲ್ಲುವ ಹಕ್ಕು ಬಂದದ್ದು 1926ರಲ್ಲಿ. ಅದೇ ವರ್ಷ ಕಮಲಾದೇವಿ ಮದರಾಸು ಶಾಸನ ಪರಿಷತ್ತಿಗೆ ತಮ್ಮ ತವರು ಜಿಲ್ಲೆಯಿಂದ ನಿಂತೇಬಿಟ್ಟರು. ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್ ಅವರ ಬೆನ್ನಿಗಿದ್ದರು. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ಸೋತದ್ದೂ ಕೆಲವೇ ಮತಗಳಿಂದ. ಮರುವರ್ಷ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿದಾಗ ಅದರ ಸಂಘಟನೆಯ ಹೊಣೆ ಅವರ ಹೆಗಲಿಗೆ ಬಂತು.

ಮುಂಬಯಿಗೂ ಅವರಿಗೂ ನಂಟು ಗಟ್ಟಿಯಾದದ್ದು 1930ರಲ್ಲಿ. ದಂಡಿ ಯಾತ್ರೆಯಲ್ಲಿ ಗಾಂಧೀಜಿ ಹೆಂಗಸರನ್ನು ಸೇರಿಸಿಕೊಂಡಿರಲಿಲ್ಲ. ಉಪ್ಪು ಅಡುಗೆಮನೆಯ ವಸ್ತು, ಅದರ ಹೋರಾಟದಿಂದ ಹೆಂಗಸರನ್ನೇ ಹೊರಗಿಡುವುದೇ? ಕಮಲಾದೇವಿ ಹೋಗಿ ಗಾಂಧೀಜಿಯವರೊಡನೆಯೇ ವಾದಿಸಿ, ಮಹಿಳೆಯರಿಗೂ ಸತ್ಯಾಗ್ರಹದಲ್ಲಿ ಪಾಲು ಬೇಕೆಂದು ಒಪ್ಪಿಸಿದರು. ಚೌಪಾಟಿಯಲ್ಲಿ ಉಪ್ಪಿನ ಕಾನೂನು ಮುರಿದ ಮೊದಲ ತಂಡದಲ್ಲಿ ಇದ್ದ ಮಹಿಳೆಯರು ಇಬ್ಬರು: ಅವಂತಿಕಾಬಾಯಿ ಗೋಖಲೆ ಮತ್ತು ಕಮಲಾದೇವಿ. ಆಮೇಲೆ ಅವರು ಶೇರುಪೇಟೆಯೊಳಗೂ ಹೈಕೋರ್ಟಿನ ಆವರಣದೊಳಗೂ ನುಗ್ಗಿ ಉಪ್ಪಿನ ಪೊಟ್ಟಣ ಮಾರಿದರು. ಬಂಧನವಾಯಿತು, ಸೆರೆಮನೆಯೂ ಆಯಿತು. 1936ರಲ್ಲಿ ಮೀರತ್‌ನಲ್ಲಿ ನಡೆದ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧಿವೇಶನಕ್ಕೆ ಅವರೇ ಅಧ್ಯಕ್ಷೆ.

ಅಮೆರಿಕಕ್ಕೆ ಹೋಗುವ ಮೊದಲೇ, ಅಂದರೆ, ಅಧಿಕಾರದಲ್ಲಿದ್ದವರನ್ನು ಪ್ರಶ್ನೆ ಮಾಡುವ ಅಭ್ಯಾಸ ಅವರಿಗೆ ಚೆನ್ನಾಗಿ ಆಗಿತ್ತು. 1939ರಲ್ಲಿ ಅಂತಾರಾಷ್ಟ್ರೀಯ ಮಹಿಳಾ ಸಮ್ಮೇಳನಕ್ಕೆಂದು ಯುರೋಪಿಗೆ ಹೋದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಶುರುವಾಯಿತು. ಅಲ್ಲಿಂದ ಅಮೆರಿಕಕ್ಕೆ ಹೋಗಿ ಬಹಳ ಕಾಲ ಸುತ್ತಾಡಿದರು, ಭಾರತದ ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡಿದರು. ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಅವರನ್ನೂ ಕಂಡರು. ದೊಡ್ಡವರ ಸತ್ಕಾರ ಪಡೆದು ಹೊಗಳಿಕೆಯ ಪ್ರವಾಸ ಕಥನ ಬರೆಯಲು ಇಷ್ಟು ಸಾಕಾಗಿತ್ತು. ಆದರೆ ಅವರು ಕಪ್ಪು ಜನರ, ಮೂಲನಿವಾಸಿಗಳ, ಕೂಲಿಗಾರರ ಬದುಕನ್ನೂ ನೋಡಿದರು.

ಆಗ ಅಲ್ಲಿಯ ದಕ್ಷಿಣದ ರಾಜ್ಯಗಳಲ್ಲಿ ರೈಲು, ಬಸ್ಸು, ಶಾಲೆ, ಹೋಟೆಲು, ಎಲ್ಲ ಕಡೆಯೂ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಇದಕ್ಕೆ ಮುದ್ರೆ ಒತ್ತಿತ್ತು. ಆ ಮೊಕದ್ದಮೆ ಹುಟ್ಟಿದ್ದು ಲೂಸಿಯಾನಾ ರಾಜ್ಯದ ಒಂದು ರೈಲಿನಲ್ಲಿ. 1941ರಲ್ಲಿ ಅದೇ ರಾಜ್ಯದಲ್ಲಿ ರೈಲು ಪ್ರಯಾಣ ಮಾಡುತ್ತಿದ್ದ ಕಮಲಾದೇವಿಯವರಿಗೆ, ಬಿಳಿಯರ ಸ್ಥಳದಿಂದ ಎದ್ದು ಹೋಗಬೇಕೆಂದು ಟಿಕೆಟ್ ಕಲೆಕ್ಟರ್ ಹೇಳಿದ. ಅವರು ಏಳಲಿಲ್ಲ. ಹೋದವನು ಮತ್ತೆ ಬಂದು, ಯಾವ ದೇಶದವರು ಎಂದು ಕೇಳಿದ. ನ್ಯೂಯಾರ್ಕ್‌ನಿಂದ ಬಂದೆ ಎಂದರು. ಅವನು ಬಿಡದೆ ಮೂಲ ಎಲ್ಲಿಯದು ಎಂದ.

ಆ ಪ್ರಶ್ನೆಯ ಒಳಗುಟ್ಟು ಅವರಿಗೆ ತಿಳಿಯಿತು. ‘ನಾನು ಭಾರತದವಳು’ ಎಂದು ಒಂದು ಮಾತು ಹೇಳಿದ್ದರೆ ವಿದೇಶಿ ಅತಿಥಿಯೆಂದು ಬಿಟ್ಟುಬಿಡಬಹುದಿತ್ತು. ಆ ರಿಯಾಯಿತಿ ಅವರಿಗೆ ಬೇಕಿರಲಿಲ್ಲ. ನಾನೂ ಬಣ್ಣದ ಹೆಂಗಸೇ, ಇಲ್ಲಿಂದ ಏಳುವುದಿಲ್ಲ, ಸುಮ್ಮನೆ ತೊಂದರೆ ಕೊಡಬೇಡ ಎಂಬ ಅರ್ಥದ ಮಾತು ಹೇಳಿ ಕೂತೇ ಇದ್ದರು. ಆತ ಗೊಣಗುತ್ತಾ ಹೋದ. ಅಲಬಾಮಾ ರಾಜ್ಯದ ಮಾಂಟ್‌ಗೊಮೆರಿಯಲ್ಲಿ ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಡಲು ಒಪ್ಪದೆ ಬಂಧನಕ್ಕೊಳಗಾದದ್ದು 1955ರಲ್ಲಿ. ಅದಕ್ಕೂ 14 ವರ್ಷ ಮೊದಲಿನ ಘಟನೆ ಇದು.

ಈ ಉತ್ತರದ ತೂಕ ತಿಳಿಯಬೇಕಾದರೆ ಇನ್ನೊಬ್ಬ ಭಾರತೀಯರ ಕಥೆಯನ್ನೂ ನೆನೆಯಬೇಕು. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಆಗ ಅಲ್ಲಿಯ ಪೌರತ್ವ ಏಷ್ಯಾದವರಿಗೆ ಸಿಗುತ್ತಿರಲಿಲ್ಲ. ತಾವು ಮೇಲ್ಜಾತಿಯ ಆರ್ಯ ವಂಶದವರು, ಆದ್ದರಿಂದ ಬಿಳಿಯರ ಸಾಲಿಗೇ ಸೇರಿದವರು ಎಂದು ಅವರ ಪರವಾಗಿ ವಾದ ನಡೆಯಿತು. 1923ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಅನೇಕ ಭಾರತೀಯರಿಗೆ ಅದಾಗಲೇ ಸಿಕ್ಕಿದ್ದ ಪೌರತ್ವವನ್ನೂ ಕಿತ್ತುಕೊಂಡರು. ಥಿಂಡ್ ಅವರನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. ಅನ್ಯಾಯದ ಕಾನೂನಿನೆದುರು ಸಿಕ್ಕ ಕಿಂಡಿಯಲ್ಲಿ ನುಸುಳಲು ನೋಡುವುದು ಮನುಷ್ಯ ಸಹಜ. ಆದರೆ ‘ನಾವು ಅವರಂತಲ್ಲ, ನಮ್ಮನ್ನು ಬಿಡಿ’ ಎಂಬ ವಾದ ಅವಮಾನವನ್ನು ತಪ್ಪಿಸುವುದಿಲ್ಲ, ಕೆಳಗಿರುವವರ ಮೇಲೆ ಅದನ್ನು ದಾಟಿಸುತ್ತದೆ. ಮಂಗಳೂರಿನ ಮೇಲ್ಜಾತಿಯ ಮನೆಯಲ್ಲಿ ಬೆಳೆದ ಕಮಲಾದೇವಿಗೆ ಇದು ಚೆನ್ನಾಗಿ ಗೊತ್ತಿತ್ತು.

‘ಅಂಕಲ್ ಸ್ಯಾಮ್ಸ್ ಎಂಪೈರ್’ ಪುಸ್ತಕದಲ್ಲಿ ಅವರು ಅಮೆರಿಕದ ಹಿಡಿತದಲ್ಲಿದ್ದ ನಾಡುಗಳ ಕಡೆ ತಿರುಗಿದರು. 1898ರಲ್ಲಿ ಸ್ಪೇನಿನೊಡನೆ ನಡೆದ ಯುದ್ಧದ ನಂತರ ಪೋರ್ಟೊ ರಿಕೊ, ಫಿಲಿಪ್ಪೀನ್ಸ್ ಅಮೆರಿಕದ ಕೈಸೇರಿದವು. ಹವಾಯಿಯನ್ನೂ ಅದೇ ವರ್ಷ ಸೇರಿಸಿಕೊಂಡರು. 1944ರ ಹೊತ್ತಿಗೆ ಅಮೆರಿಕ ಪ್ರಜಾಪ್ರಭುತ್ವದ ರಕ್ಷಕನೆಂದು ಜಗತ್ತು ಕೊಂಡಾಡುತ್ತಿತ್ತು. ಬ್ರಿಟಿಷರಿಂದ ಬಿಡಿಸಲು ಅವರು ನೆರವಾಗಬಹುದೆಂಬ ಆಸೆ ನಮ್ಮವರಲ್ಲೂ ಇತ್ತು. ಅಂಥ ಹೊತ್ತಿನಲ್ಲಿ ಅದನ್ನೂ ಒಂದು ಸಾಮ್ರಾಜ್ಯ ಎಂದು ಕರೆಯಲು ಎದೆಗಾರಿಕೆ ಬೇಕು. ಪೋರ್ಟೊ ರಿಕೊದ ಜನ 1917ರಿಂದ ಅಮೆರಿಕದ ಪೌರರು. ಆದರೆ ಆ ದ್ವೀಪದಲ್ಲಿ ಇರುವವರಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಇವತ್ತಿಗೂ ಮತವಿಲ್ಲ.

ಕಮಲಾದೇವಿಯವರ ಅಳತೆಗೋಲು ಒಂದೇ: ಕೆಳಗಿನ ಮೆಟ್ಟಿಲಲ್ಲಿ ನಿಂತವರಿಗೆ ಆ ದೇಶ ಏನು ಕೊಟ್ಟಿದೆ? ಈ ಕೋಲಿನಿಂದ ಅಳೆದರೆ ಹೊಗಳಿಕೆಯೂ ತೆಗಳಿಕೆಯೂ ಹದಕ್ಕೆ ಬರುತ್ತವೆ. ಅಮೆರಿಕದ ಹೆಂಗಸರಿಗೆ ದೇಶದಾದ್ಯಂತ ಮತದ ಹಕ್ಕು ಬಂದದ್ದು 1920ರಲ್ಲಿ. ಆದರೆ ದಕ್ಷಿಣದ ಕಪ್ಪು ಹೆಂಗಸರನ್ನು ತೆರಿಗೆಯ, ಅಕ್ಷರ ಪರೀಕ್ಷೆಯ ನೆಪ ಹೇಳಿ ಮತಗಟ್ಟೆಯಿಂದ ದೂರವಿಟ್ಟರು. ಅದನ್ನು ತಡೆಯುವ ಗಟ್ಟಿ ಕಾನೂನು ಬಂದದ್ದು 1965ರಲ್ಲಿ. ನಮ್ಮಲ್ಲಿ 1951–52ರ ಮೊದಲ ಮಹಾಚುನಾವಣೆಗೇ ಓದುಬರಹ ಬಾರದ ಬಡ ಹೆಂಗಸಿಗೂ ಮತವಿತ್ತು. ಇದು ನಾವು ಹೆಮ್ಮೆಪಡಬೇಕಾದ ವಿಷಯ.

ಅದೇ ಕೋಲನ್ನು ನಮ್ಮ ಮನೆಗೂ ಹಿಡಿಯಬೇಕು. 1935ರಲ್ಲಿ ಅಮೆರಿಕ ಮುದುಕರಿಗೆ ಪಿಂಚಣಿ ಕೊಡುವ ಕಾನೂನು ಮಾಡಿದಾಗ ಮನೆಗೆಲಸದವರನ್ನೂ ಹೊಲದ ಕೂಲಿಗಳನ್ನೂ ಹೊರಗಿಟ್ಟಿತು; ಅವರಲ್ಲಿ ಕಪ್ಪು ಜನರೂ ಬಹಳ ಇದ್ದರು. ಮಹಾರಾಷ್ಟ್ರದಲ್ಲಿ ಮನೆಗೆಲಸದವರಿಗಾಗಿ ಕಲ್ಯಾಣ ಮಂಡಳಿಯ ಕಾನೂನು ಬಂದದ್ದು 2008ರಲ್ಲಿ. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಬಾಯಿಯ ಹೆಸರು ಅಲ್ಲಿ ನೋಂದಣಿಯಾಗಿದೆಯೇ ಎಂದು ನಮ್ಮಲ್ಲಿ ಎಷ್ಟು ಜನ ವಿಚಾರಿಸಿದ್ದೇವೆ? ಕಟ್ಟಡದ ಯಾವ ಲಿಫ್ಟಿನಲ್ಲಿ ಅವಳು ಬರಬೇಕು ಎಂಬ ನಿಯಮ ಮಾಡುವ ಸೊಸೈಟಿ ಸಭೆಯಲ್ಲಿ ನಾವು ಏನು ಹೇಳಿದ್ದೇವೆ? ಲೂಸಿಯಾನಾದ ರೈಲಿನ ಪ್ರಶ್ನೆ ಮುಂಬಯಿಯ ಲಿಫ್ಟಿನಲ್ಲೂ ಇದೆ.

1946ರಲ್ಲಿ, ಕಮಲಾದೇವಿಯವರ ಎರಡನೆಯ ಪುಸ್ತಕ ಬಂದ ವರ್ಷವೇ, ಅಮೆರಿಕ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಿತು. ವಲಸೆಗೆ ಇಟ್ಟ ಮಿತಿ ವರ್ಷಕ್ಕೆ ಬರೀ 100 ಜನ. 1965ರಲ್ಲಿ ವಲಸೆ ಕಾನೂನು ಬದಲಾದ ಮೇಲೆ ಬಾಗಿಲು ಅಗಲವಾಯಿತು, ನಮ್ಮ ಮಕ್ಕಳು ಹೋದದ್ದು ಆ ದಾರಿಯಲ್ಲಿ. ಅಲ್ಲಿಯ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ ಇಡೀ ದೇಶದ ಮನಸ್ಸನ್ನು ಅಲುಗಾಡಿಸಿದ್ದ ವರ್ಷಗಳಲ್ಲೇ ಆ ಕಾನೂನು ಬಂದದ್ದು. ಆದ್ದರಿಂದ ವಿಡಿಯೋ ಕರೆಯಲ್ಲಿ ಮಗನೋ ಸೊಸೆಯೋ ಅಲ್ಲಿಯ ಬೇರೆ ಜನರ ಬಗ್ಗೆ ಹಗುರವಾಗಿ ಮಾತಾಡಿದರೆ ಈ ಇತಿಹಾಸವನ್ನು ತಾಯಿಯಾದವಳು ನೆನಪಿಸಬಹುದು. ಅದಕ್ಕೆ ಪದವಿ ಬೇಡ, ಪಕ್ಷವೂ ಬೇಡ.

ಕಮಲಾದೇವಿಯವರು 1988ರ ಅಕ್ಟೋಬರ್ 29ರಂದು ತೀರಿಕೊಂಡದ್ದು ಇದೇ ಮುಂಬಯಿಯಲ್ಲಿ. ಅವರು ಉಪ್ಪು ಮಾಡಿದ ಚೌಪಾಟಿಗೆ ನಾವು ಮಕ್ಕಳನ್ನು ಕರೆದುಕೊಂಡು ಭೇಲ್‌ಪುರಿ ತಿನ್ನಲು ಹೋಗುತ್ತೇವೆ. ಮುಂದಿನ ಸಲ ಹೋದಾಗ ಅವರ ಕಥೆಯನ್ನೂ ಮಕ್ಕಳಿಗೆ ಹೇಳೋಣ. ನಮ್ಮ ಮಹಿಳಾ ವಿಭಾಗದ ತಿಂಗಳ ಕೂಟದಲ್ಲಿ ಅವರ ಪುಸ್ತಕಗಳ ಒಂದೊಂದು ಅಧ್ಯಾಯವನ್ನು ಓದಿ ಕನ್ನಡದಲ್ಲಿ ಚರ್ಚಿಸಿದರೆ ಇನ್ನೂ ಒಳ್ಳೆಯದು. ‘ನಿಮಗ್ಯಾಕೆ ಈ ರಾಜಕೀಯ?’ ಎಂದು ಕೇಳುವವರನ್ನೂ ಆ ಕೂಟಕ್ಕೆ ಕರೆಯೋಣ.