ಸುಶ್ರುತಸಂಹಿತೆಯಲ್ಲಿ ಸ್ನಾಯುಶಬ್ದದ ಅರ್ಥವೂ ಸಂಧಿಕ್ಷತಗಳ ಚಿಕಿತ್ಸೆಯೂ

ಪ್ರಾಚೀನ ಶಾಸ್ತ್ರಗ್ರಂಥಗಳನ್ನು ಕನ್ನಡಿಸುವವರಿಗೆ ಅಪರಿಚಿತ ಶಬ್ದಗಳಿಗಿಂತಲೂ ಪರಿಚಿತ ಶಬ್ದಗಳೇ ಹೆಚ್ಚಿನ ತೊಡಕನ್ನುಂಟುಮಾಡುವುವು. ಅರ್ಥವನ್ನರಿಯದ ಶಬ್ದ ಬಂದಾಗ ನಾವು ಕೋಶವನ್ನು ತೆಗೆಯುವೆವು. ಬಲ್ಲೆವೆಂದುಕೊಂಡ ಶಬ್ದ ಬಂದಾಗ ಹಾಗೆಯೇ ಮುಂದೆ ಸಾಗುವೆವು. 'ಸ್ನಾಯು' ಎಂಬುದು ಇಂಥ ಶಬ್ದಗಳಲ್ಲೊಂದು. ಇಂದಿನ ಕನ್ನಡ ಪಾಠಪುಸ್ತಕಗಳಲ್ಲಿ ಸ್ನಾಯುವೆಂದರೆ ಮಾಂಸಖಂಡ. ಬಂಗಾಳಿಗಳು ಇದೇ ಶಬ್ದವನ್ನು ನರವೆಂಬರ್ಥದಲ್ಲಿ ಬಳಸುವರು. ಸುಶ್ರುತಸಂಹಿತೆಯ ಸ್ನಾಯುವಾದರೋ ಇವೆರಡೂ ಅಲ್ಲ. ಇದನ್ನು ಆಕರದಿಂದಲೇ ತೋರಿಸುವುದೂ, ಅರ್ಥ ಕೆಟ್ಟರೆ ಚಿಕಿತ್ಸಾಕ್ರಮವೇ ಹೇಗೆ ಕೆಡುವುದೆಂಬುದನ್ನು ವಿಚಾರಿಸುವುದೂ ಪ್ರಕೃತ ಲೇಖನದ ಉದ್ದೇಶ.

ಸುಶ್ರುತಸಂಹಿತೆಯು ಈಗಿನ ರೂಪವನ್ನು ಕ್ರಿಸ್ತಶಕದ ಆದಿಯ ಶತಮಾನಗಳಲ್ಲಿ ತಾಳಿತೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವರು. ನೇಪಾಳದಲ್ಲಿ ಉಳಿದಿರುವ ಒಂದು ತಾಳೆಗರಿಯ ಪ್ರತಿಯ ಕಾಲ ಕ್ರಿ. ಶ. 878. ಡಲ್ಹಣನ ನಿಬಂಧಸಂಗ್ರಹವ್ಯಾಖ್ಯಾನವು 12ನೆಯ ಶತಮಾನದ್ದು.

ಮೊದಲು ಶಾರೀರಸ್ಥಾನವನ್ನು ನೋಡುವ. ಅದರ 5ನೆಯ ಅಧ್ಯಾಯದಲ್ಲಿ ದೇಹದ ಅಂಗಗಳ ಗಣನೆಯಿದೆ. ಅಸ್ಥಿಗಳು 300, ಸಂಧಿಗಳು 210, ಪೇಶಿಗಳು 500, ಸ್ನಾಯುಗಳು 900. ಸ್ನಾಯುಗಳಲ್ಲಿ 600 ಕೈಕಾಲುಗಳಲ್ಲಿಯೂ, 230 ಕೋಷ್ಠದಲ್ಲಿಯೂ, 70 ಕುತ್ತಿಗೆಯಿಂದ ಮೇಲೆಯೂ ಇವೆ. ಪೇಶಿಗಳೆಂದು ಮಾಂಸಖಂಡಗಳನ್ನು ಬೇರೆಯಾಗಿಯೇ ಎಣಿಸಿರುವುದರಿಂದ ಸ್ನಾಯುವು ಮಾಂಸಖಂಡವಾಗಲಾರದು. ಅಲ್ಲಿಯೇ ಒಂದು ದೃಷ್ಟಾಂತವುಂಟು. ಹಲಗೆಗಳನ್ನು ಬಹು ಬಂಧನಗಳಿಂದ ಬಿಗಿದು ಮಾಡಿದ ನಾವೆಯು ನೀರಿನಲ್ಲಿ ಜನರ ಭಾರವನ್ನು ಹೊರುವಂತೆ, ಸ್ನಾಯುಗಳಿಂದ ಕಟ್ಟಲ್ಪಟ್ಟ ಸಂಧಿಗಳಿರುವುದರಿಂದ ಮನುಷ್ಯನು ಭಾರವನ್ನು ಹೊರಬಲ್ಲನು. ಇಲ್ಲಿ ಸ್ನಾಯುವಿನ ಕಾರ್ಯ ಬಂಧನವೆಂಬುದು ಸ್ಪಷ್ಟ. ಬಿಲ್ಲಿನ ಹೆದೆಗೂ ಸಂಸ್ಕೃತದಲ್ಲಿ ಸ್ನಾಯುವೆಂಬ ಹೆಸರುಂಟಾದದ್ದು ಈ ಅರ್ಥಕ್ಕೆ ಪೋಷಕವಾಗಿದೆ.

ಹಾಗಾದರೆ ನರವೆಂದು ಏಕೆ ಹೇಳಬಾರದು? ಇದಕ್ಕೆ ಸಮಾಧಾನವು ಸೂತ್ರಸ್ಥಾನದ 25ನೆಯ ಅಧ್ಯಾಯದಲ್ಲಿ ದೊರೆಯುವುದು. ಸ್ನಾಯುವಿಗೆ ಪೆಟ್ಟು ಬಿದ್ದವನ ಲಕ್ಷಣಗಳು ಇವು: ಮೈ ಬಾಗುವುದು, ಅವಯವಗಳು ಕುಸಿಯುವುದು, ಕ್ರಿಯೆಯಲ್ಲಿ ಅಶಕ್ತಿ, ತೀವ್ರವಾದ ನೋವು, ವ್ರಣವು ಬಹುಕಾಲಕ್ಕೆ ಮಾಯುವುದು. ಸ್ಪರ್ಶಜ್ಞಾನವು ತಪ್ಪುವುದನ್ನು ಗ್ರಂಥಕಾರನು ಇಲ್ಲಿ ಹೇಳದೆ, ಮಾಂಸಮರ್ಮಕ್ಕೆ ಪೆಟ್ಟಾದಾಗಿನ ಲಕ್ಷಣಗಳಲ್ಲಿ ಹೇಳಿರುವನು. ಸ್ನಾಯುವು ನರವೆಂದು ಅವನ ಅಭಿಪ್ರಾಯವಾಗಿದ್ದಲ್ಲಿ ಈ ಲಕ್ಷಣವನ್ನು ಮೊದಲು ಇಲ್ಲಿಯೇ ಹೇಳುತ್ತಿದ್ದನು. ವ್ರಣವು ತಡವಾಗಿ ಮಾಯುವುದೆಂಬ ಮಾತಾದರೋ ಇಂದಿನ ವೈದ್ಯಶಾಸ್ತ್ರಕ್ಕೂ ಸಮ್ಮತ. ಕೀಲುಗಳ ಕಟ್ಟುಗಳಿಗೆ ರಕ್ತಸಂಚಾರವು ಅಲ್ಪವಾದ್ದರಿಂದ ಅವು ಕೂಡಿಕೊಳ್ಳುವುದು ನಿಧಾನ.

ಆದರೂ 'ಅಸ್ಥಿರಜ್ಜು' ಎಂಬ ಒಂದೇ ಪದದಿಂದ ಕೆಲಸವು ಮುಗಿಯದು. ಸುಶ್ರುತನು ಸ್ನಾಯುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿರುವನು. ಕವಲೊಡೆದ ಪ್ರತಾನವತಿಗಳು ಕೈಕಾಲುಗಳಲ್ಲಿಯೂ ಸಂಧಿಗಳಲ್ಲಿಯೂ ಇರುವುವು. ಗುಂಡಾದ ವೃತ್ತಗಳೇ ಕಂಡರಗಳು. ಅಗಲವಾದ ಪೃಥುಗಳು ಪಾರ್ಶ್ವ, ಎದೆ, ಬೆನ್ನು, ತಲೆಗಳಲ್ಲಿವೆ. ಟೊಳ್ಳಾದ ಸುಷಿರಗಳು ಆಮಾಶಯ, ಪಕ್ವಾಶಯ, ಬಸ್ತಿಗಳ ಕೊನೆಗಳಲ್ಲಿವೆ. ಕಂಡರವನ್ನು ಇಂದು ಸ್ನಾಯುರಜ್ಜುವೆನ್ನುವರು. ಸುಷಿರಗಳ ಸ್ಥಾನದಲ್ಲಿ ಇಂದಿನವರು ಕಾಣುವುದು ಮಾಂಸದ ಬಳೆಗಳನ್ನು. ಆದುದರಿಂದ ಆಚಾರ್ಯನ ವಿಂಗಡಣೆಯು ದ್ರವ್ಯವನ್ನವಲಂಬಿಸಿದುದಲ್ಲ, ಕಟ್ಟುವಿಕೆಯೆಂಬ ಕಾರ್ಯವನ್ನವಲಂಬಿಸಿದುದು ಎಂದು ತಿಳಿಯತಕ್ಕದ್ದು.

ಇನ್ನು ಚಿಕಿತ್ಸೆಯ ವಿಚಾರ. ನಿದಾನಸ್ಥಾನದ 15ನೆಯ ಅಧ್ಯಾಯದಲ್ಲಿ ಸಂಧಿಮುಕ್ತವು ಆರು ಬಗೆಯೆಂದು ಹೇಳಿದೆ. ಅವುಗಳಲ್ಲಿ ವಿಶ್ಲಿಷ್ಟವೆಂಬುದರ ಲಕ್ಷಣ ಅಲ್ಪವಾದ ಬಾವು, ಬಿಡದ ನೋವು, ಸಂಧಿಯ ವಿಕಾರ. ನಮ್ಮ ಜನರು ಉಳುಕು ಎನ್ನುವುದಕ್ಕೆ ಇದು ಬಹಳ ಸಮೀಪವಾಗಿದೆ. ಚಿಕಿತ್ಸಾಸ್ಥಾನದ 3ನೆಯ ಅಧ್ಯಾಯವು ಇದಕ್ಕೆ ಸ್ಪಷ್ಟವಾದ ವಿಧಿನಿಷೇಧಗಳನ್ನು ಹೇಳುತ್ತದೆ. ಉತ್ಪಿಷ್ಟ, ವಿಶ್ಲಿಷ್ಟ ಸಂಧಿಗಳನ್ನು ವೈದ್ಯನು ಅಲುಗಿಸಬಾರದು. ತಣ್ಣನೆಯ ಕಷಾಯವನ್ನೆರೆದು ಲೇಪವನ್ನು ಹಚ್ಚಬೇಕು. ತುಪ್ಪ ಸವರಿದ ಬಟ್ಟೆಯನ್ನು ಸುತ್ತಿ, ಅದರ ಮೇಲೆ ಕುಶಗಳನ್ನಿಟ್ಟು ಕಟ್ಟಬೇಕು. ಕುಶವೆಂದರೆ ಇಲ್ಲಿ ದರ್ಭೆಯಲ್ಲ. ಅತ್ತಿ, ಅರಳಿ, ಮುತ್ತುಗ, ಆಲ ಮುಂತಾದ ಮರಗಳ ತೊಗಟೆಯ ಪಟ್ಟಿ. ಕಟ್ಟು ಸಡಿಲವಾದರೆ ಸಂಧಿಯು ನಿಲ್ಲದು. ಅತಿಯಾಗಿ ಬಿಗಿದರೆ ಬಾವು, ನೋವು, ಪಾಕಗಳುಂಟಾಗುವುವು. ತಂಪಿನ ಋತುಗಳಲ್ಲಿ 7 ದಿನಗಳಿಗೊಮ್ಮೆ, ಸಾಧಾರಣ ಋತುಗಳಲ್ಲಿ 5 ದಿನಗಳಿಗೊಮ್ಮೆ, ಸೆಕೆಯಲ್ಲಿ 3 ದಿನಗಳಿಗೊಮ್ಮೆ ಕಟ್ಟನ್ನು ಬದಲಿಸತಕ್ಕದ್ದು. ಪ್ರಥಮವಯಸ್ಸಿನವರಲ್ಲಿ ಸಂಧಿಯು 1 ತಿಂಗಳಿಗೆ ಸ್ಥಿರವಾಗುವುದು. ಮಧ್ಯವಯಸ್ಸಿನಲ್ಲಿ 2 ತಿಂಗಳು, ವೃದ್ಧಾಪ್ಯದಲ್ಲಿ 3 ತಿಂಗಳು ಬೇಕಾಗುವುದು. ಕೈಗೆ ಪೆಟ್ಟಾದವನು ಗುಣವಾದ ಮೇಲೆ ಮೊದಲು ಮಣ್ಣಿನ ಮುದ್ದೆಯನ್ನೂ, ಅನಂತರ ಉಪ್ಪಿನ ಗಟ್ಟಿಯನ್ನೂ, ಬಲ ಬಂದಮೇಲೆ ಕಲ್ಲನ್ನೂ ಹಿಡಿದು ಅಭ್ಯಾಸಮಾಡಬೇಕು. ಮೊದಲು ವಿಶ್ರಾಂತಿ, ಅನಂತರ ಕ್ರಮೇಣ ಭಾರ ಎಂಬ ಈ ನಿಯಮವನ್ನೇ ಇಂದಿನ ವೈದ್ಯರೂ ಅನುಸರಿಸುವರು.

ಈಗ ಸ್ನಾಯುವನ್ನು ಮಾಂಸಖಂಡವೆಂದು ಅನುವಾದಿಸಿದರೆ ಏನಾಗುವುದು? ಚಿಕಿತ್ಸಾಸ್ಥಾನದ 4ನೆಯ ಅಧ್ಯಾಯದಲ್ಲಿ ವಾಯುವು ಸ್ನಾಯು, ಸಂಧಿ, ಅಸ್ಥಿಗಳನ್ನು ಸೇರಿದಾಗ ಸ್ನೇಹ, ಉಪನಾಹ, ಅಗ್ನಿಕರ್ಮ, ಬಂಧನ, ಉನ್ಮರ್ದನಗಳನ್ನು ವಿಧಿಸಿದೆ. ಬೆಚ್ಚನೆಯ ಕಟ್ಟು, ತಿಕ್ಕುವಿಕೆಗಳು ವಾತವ್ಯಾಧಿಗೆ ಹೇಳಿದ ಉಪಚಾರಗಳು. ಮೇಲಿನ ಅಲುಗಿಸಬಾರದೆಂಬ ವಿಧಿಯಾದರೋ ಹೊಸ ಪೆಟ್ಟಿಗೆ ಸಂಬಂಧಿಸಿದುದು. ಕಟ್ಟು ಹರಿದ ಕೀಲನ್ನು ಮಾಂಸದ ನೋವೆಂದು ಭ್ರಮಿಸಿದ ಓದುಗನು ಎರಡನ್ನೂ ಒಂದುಮಾಡಿ, ನಿಶ್ಚಲವಾಗಿರಬೇಕಾದ ಕೀಲನ್ನು ತಿಕ್ಕಿಸಿಯಾನು. ಉಳುಕಿದ ಪಾದವನ್ನು ಹಿಡಿದೆಳೆಯುವ ರೂಢಿಗೆ ಆಗ ಸುಶ್ರುತನ ಹೆಸರು ತಪ್ಪಾಗಿ ಆಧಾರವಾಗುವುದು.

ಆದಕಾರಣ ಅನುವಾದಕರು ಮೂಲದ ಸ್ನಾಯುಶಬ್ದವನ್ನು ಹಾಗೆಯೇ ಇಟ್ಟುಕೊಂಡು, ಮೊದಲ ಪ್ರಯೋಗದಲ್ಲಿಯೇ 'ಕಟ್ಟುನಾರು' ಎಂದು ವಿವರಣೆ ಕೊಡುವುದು ಯುಕ್ತ. ಕಂಡರವೆಂಬಲ್ಲಿ ಕಂಡರವನ್ನೇ ಉಳಿಸಬೇಕು. ಮಾಂಸಖಂಡಕ್ಕೆ ಪೇಶಿಯೆಂಬ ಆಚಾರ್ಯನ ಪದವು ಸಿದ್ಧವಾಗಿಯೇ ಇದೆ. ಪಾಠಪುಸ್ತಕದ ರೂಢಿಯನ್ನು ಬದಲಿಸಬೇಕೆಂದು ನಾವು ಹೇಳುವುದಿಲ್ಲ. ರೂಢಿಗೂ ತನ್ನ ಬಲವುಂಟು. ಆದರೆ ಹಳೆಯ ಗ್ರಂಥವನ್ನು ಬೋಧಿಸುವ ಉಪಾಧ್ಯಾಯರು ಇಂದಿನ ರೂಢಿಯನ್ನು ಅಂದಿನ ಶಬ್ದದ ಮೇಲೆ ಹೇರದಿದ್ದರೆ ಶಾಸ್ತ್ರಕ್ಕೂ ರೋಗಿಗೂ ಉಪಕಾರವಾದೀತು.