ತೀರ್ಥಹಳ್ಳಿ: ಮಳೆ, ಹೊಳೆ ಮತ್ತು ನಿವೃತ್ತರ ಲೆಕ್ಕಾಚಾರ

ಮುಂಬಯಿಯ ಕನ್ನಡ ಕುಟುಂಬಗಳಲ್ಲಿ ನಿವೃತ್ತಿಯ ದಿನ ಸಮೀಪಿಸಿದಂತೆ ಕೇಳಿಬರುವ ಮಾತೊಂದಿದೆ: ‘ಇನ್ನು ಊರ ಕಡೆ ಒಂದು ಸಣ್ಣ ಮನೆ ಮಾಡಿ ಇದ್ದುಬಿಡೋಣ.’ ಆ ‘ಊರು’ ಹಲವರ ಪಾಲಿಗೆ ಮಲೆನಾಡಿನ ಒಂದು ಪುಟ್ಟ ಪೇಟೆ. ನಮ್ಮ ಮನೆಯಲ್ಲಿ ಆ ಹೆಸರು ತೀರ್ಥಹಳ್ಳಿ. ನನ್ನ ಪತ್ನಿಯ ತವರು ಅದೇ ತಾಲ್ಲೂಕಿನದಾದುದರಿಂದ ಮೂವತ್ತು ವರ್ಷಗಳಿಂದ ಎಲ್ಲ ಋತುಗಳಲ್ಲಿಯೂ ಅಲ್ಲಿ ತಂಗಿದ್ದೇನೆ.

ಶಿವಮೊಗ್ಗ ಜಿಲ್ಲೆಯಲ್ಲಿ ತುಂಗಾ ನದಿಯ ದಡದಲ್ಲಿರುವ ಈ ಪೇಟೆ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. 2011ರ ಜನಗಣತಿಯ ವೇಳೆಗೆ ಇಲ್ಲಿನ ಜನಸಂಖ್ಯೆ 15,000ದ ಒಳಗಿತ್ತು; ನಮ್ಮ ಉಪನಗರದ ಎರಡು ಮೂರು ದೊಡ್ಡ ವಸತಿ ಸಂಕೀರ್ಣಗಳಲ್ಲಿ ಅಷ್ಟು ಜನ ಸಿಕ್ಕಾರು. ಕುವೆಂಪು ಬೆಳೆದ ಕುಪ್ಪಳಿ, ಯು. ಆರ್. ಅನಂತಮೂರ್ತಿಯವರು ಹುಟ್ಟಿದ ಮೇಳಿಗೆ, ಶಾಂತವೇರಿ ಗೋಪಾಲಗೌಡರ ಆರಗ ಎಲ್ಲವೂ ಇದೇ ತಾಲ್ಲೂಕಿನವು. ಈ ಮಹನೀಯರ ಕುರಿತು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಹವೆಯ ಮಾತಿಗೆ ಬರೋಣ. ನವೆಂಬರಿನಿಂದ ಫೆಬ್ರವರಿಯವರೆಗಿನ ತೀರ್ಥಹಳ್ಳಿಯನ್ನು ಕಂಡವರು ಮರುಳಾಗುವುದು ಸಹಜ. ಬೆಳಗಿನ ಎಂಟು ಗಂಟೆಯವರೆಗೂ ಹೊಳೆಯ ಮೇಲೆ ಮಂಜು, ಮಧ್ಯಾಹ್ನ ಹಿತವಾದ ಬಿಸಿಲು, ಅಂಗಳದಲ್ಲಿ ಒಣಗುವ ಅಡಿಕೆಯ ವಾಸನೆ. ಮಾರ್ಚ್, ಏಪ್ರಿಲ್‌ಗಳಲ್ಲಿ ಸೆಕೆಯಿದ್ದರೂ ಮುಂಬಯಿಯ ಬೆವರು ಅಲ್ಲಿಲ್ಲ. ಆದರೆ ಈ ತಿಂಗಳುಗಳನ್ನು ನೋಡಿ ಮನೆ ಕೊಳ್ಳುವವರು ವರ್ಷದ ಅರ್ಧವನ್ನಷ್ಟೇ ನೋಡಿದಂತಾಯಿತು.

ಉಳಿದರ್ಧ ಮಳೆಯದು. ಸುಮಾರು 33 ಕಿ.ಮೀ. ದೂರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿ.ಮೀ.ನಷ್ಟು ಮಳೆ ಸುರಿಯುತ್ತದೆ. ಪೇಟೆಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಘಟ್ಟದ ಅಂಚಿನಿಂದ ಪೂರ್ವಕ್ಕೆ ಸರಿದಂತೆ ಮಳೆ ಬೇಗ ಇಳಿಮುಖವಾಗುತ್ತದೆ. ಮುಂಬಯಿಯ ಮಳೆಯನ್ನು ಕಂಡ ನಮಗೆ ಇದೇನು ಮಹಾ ಎಂದು ನಾನೂ ಒಮ್ಮೆ ಅಂದುಕೊಂಡಿದ್ದೆ. ವ್ಯತ್ಯಾಸ ಪ್ರಮಾಣದಲ್ಲಿಲ್ಲ, ಬಿಡುವಿಲ್ಲದಿರುವುದರಲ್ಲಿದೆ. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಬಟ್ಟೆಯನ್ನು ಬಚ್ಚಲೊಲೆಯ ಮೇಲೆ ಒಣಗಿಸಬೇಕು. ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ. ಮರ ಬಿದ್ದು ತಂತಿ ಹರಿದರೆ ಹಳ್ಳಿಯ ಮನೆಗಳಿಗೆ ಎರಡು ಮೂರು ದಿನ ಕರೆಂಟಿಲ್ಲ, ಅದರೊಡನೆ ಮೊಬೈಲೂ ಮೂಕ. ಹೊಳೆಯ ನಡುವಿನ ರಾಮಮಂಟಪ ಎಷ್ಟು ಮುಳುಗಿದೆ ಎಂಬುದೇ ಪೇಟೆಯ ಜನರ ಪ್ರವಾಹದ ಅಳತೆಗೋಲು.

ಹೊರಗೆ ಸುತ್ತಾಡುವ ಆಸೆಯುಳ್ಳವರಿಗೆ ಇಷ್ಟು ಸಣ್ಣ ಊರಿನ ಸುತ್ತ ಇಷ್ಟೊಂದು ಜಾಗಗಳಿರುವುದು ಅಪರೂಪ. ಕೆಳದಿ ಅರಸರ ಕವಲೇದುರ್ಗದ ಕೋಟೆ ಮೂರು ಸುತ್ತಿನದು. ಗದ್ದೆಯ ಬದುವಿನಿಂದ ಆರಂಭವಾಗುವ ಕಲ್ಲುಹಾದಿ ಅರವತ್ತು ದಾಟಿದವರಿಗೂ ನಿಧಾನವಾಗಿ ಹತ್ತಬಹುದಾದಂಥದು. ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯವಿತ್ತವಳು ಈ ಮನೆತನದ ಚೆನ್ನಮ್ಮಾಜಿ. ಮರಾಠಿ ನೆರೆಹೊರೆಯವರನ್ನು ಕರೆದೊಯ್ದರೆ ಹೇಳಲು ಒಳ್ಳೆಯ ಕಥೆ. ಕುಂದಾದ್ರಿಯ ನೆತ್ತಿಯ ಬಸದಿಯ ಬಳಿಯವರೆಗೂ ವಾಹನದ ರಸ್ತೆಯಿದೆ. ಮಂಡಗದ್ದೆಯಲ್ಲಿ ಮಳೆಗಾಲದಲ್ಲಿ ನದಿಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡುಕಟ್ಟುತ್ತವೆ. ಛಿಬ್ಬಲಗುಡ್ಡೆಯಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕಬಹುದು, ನೀರಿಗಿಳಿಯಬಾರದು. ತುಂಗೆಯ ಬಂಡೆಗಳ ಸಂದಿಯ ಆಳ ಮೇಲಿನಿಂದ ತಿಳಿಯದು. ಈಜು ಬಲ್ಲವರೂ ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿ ತೀರ್ಥಸ್ನಾನ, ರಥೋತ್ಸವ, ತೆಪ್ಪೋತ್ಸವಗಳನ್ನು ನೋಡಲು ಚಳಿಗಾಲವೇ ಸರಿಯಾದ ಸಮಯ.

ಕಾಡಿನ ನಡಿಗೆಗೆ ಮಳೆಗಾಲದಲ್ಲಿ ಇಂಬಳದ ಕಾಟ. ಅದು ರಕ್ತ ಹೀರಿ ಬಿಟ್ಟುಹೋಗುತ್ತದೆ, ಅಷ್ಟೆ. ಬೇಸಿಗೆಯ ಉಣುಗಿನದು ಬೇರೆಯೇ ಕಥೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಬರುತ್ತದೆ. ಡಿಸೆಂಬರಿನಿಂದ ಮೇವರೆಗೆ ಅದರ ಹಾವಳಿ ಹೆಚ್ಚು. ತೀರ್ಥಹಳ್ಳಿ ತಾಲ್ಲೂಕಿನಲ್ಲೂ ಪ್ರಕರಣಗಳು ಕಂಡುಬಂದಿವೆ. ಹಿಂದೆ ಹಾಕುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಮಂಗ ಸತ್ತುಬಿದ್ದ ಸುದ್ದಿ ಕೇಳಿದ ಕಡೆ ಕಾಡಿಗೆ ಹೋಗಬಾರದು. ಹೋಗಲೇಬೇಕಾದರೆ ಮೈಗೆ ಉಣುಗು ತಡೆಯುವ ಎಣ್ಣೆ ಸವರಿಕೊಂಡು, ಬಂದೊಡನೆ ಬಿಸಿನೀರಿನ ಸ್ನಾನ ಮಾಡುವುದು ರೂಢಿ.

ನಮ್ಮ ವಯಸ್ಸಿನವರಿಗೆ ಎಲ್ಲಕ್ಕಿಂತ ಮುಖ್ಯವಾದುದು ವೈದ್ಯಕೀಯ ನೆರವು. ನಿತ್ಯದ ಕಾಯಿಲೆಗಳಿಗೆ ಪೇಟೆಯಲ್ಲಿಯೇ ವೈದ್ಯರಿದ್ದಾರೆ. ಹೃದಯ, ಮೆದುಳಿನ ತೊಂದರೆಯಾದರೆ ಸುಮಾರು 60 ಕಿ.ಮೀ.ನ ಶಿವಮೊಗ್ಗಕ್ಕೋ, ಆಗುಂಬೆ ಘಾಟಿಯಿಳಿದು ಮಣಿಪಾಲಕ್ಕೋ ಹೋಗಬೇಕು. ಹದಿನಾಲ್ಕು ತಿರುವುಗಳ ಆ ಘಾಟಿ ಮಳೆಗಾಲದಲ್ಲಿ ಕುಸಿದು ಸಂಚಾರ ನಿಂತದ್ದುಂಟು. ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳ ಒಂದು ರಾತ್ರಿ ನನ್ನ ಪತ್ನಿಯ ಅಣ್ಣನಿಗೆ ಎದೆನೋವು ಕಾಣಿಸಿಕೊಂಡಿತು. ತೋಟದ ಮನೆಯಿಂದ ಟಾರು ರಸ್ತೆಗೆ ಎರಡು ಮೈಲಿ. ನಡುವೆ ಮರ ಬಿದ್ದಿತ್ತು. ನೆರೆಯವರು ಕತ್ತಿ, ಕೊಡಲಿ ತಂದು ದಾರಿ ಬಿಡಿಸುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು. ಭಾವನವರು ಉಳಿದರು. ಆ ನೆರೆಯವರಲ್ಲಿ ಐವತ್ತಕ್ಕಿಂತ ಕಿರಿಯರಾದವರು ಇಬ್ಬರೇ ಇದ್ದರು. ಉಳಿದ ಮನೆಗಳ ಮಕ್ಕಳೆಲ್ಲ ನಮ್ಮ ಹಾಗೆ ನಗರಗಳಲ್ಲಿದ್ದಾರೆ.

ಜಮೀನು ಕೊಳ್ಳುವವರಿಗೆ ಬ್ಯಾಂಕಿನವನಾಗಿ ಒಂದು ಮಾತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ನಿರ್ಬಂಧವನ್ನು ಕರ್ನಾಟಕದಲ್ಲಿ 2020ರ ತಿದ್ದುಪಡಿ ತೆಗೆದುಹಾಕಿತು. ಆದರೆ ಮಲೆನಾಡಿನಲ್ಲಿ ತೋಟಕ್ಕೆ ಸೇರಿದ ಸೊಪ್ಪಿನಬೆಟ್ಟದಲ್ಲಿ ಮಾಲೀಕನಿಗಿರುವುದು ಸೊಪ್ಪು, ದರಗು ತರುವ ಹಕ್ಕು ಮಾತ್ರ, ಒಡೆತನವಲ್ಲ. ‘ಬೆಟ್ಟವೂ ಸೇರಿ ಇಷ್ಟು ಎಕರೆ’ ಎಂದು ಹೇಳಿದಾಗ ಪಹಣಿಯಲ್ಲಿರುವುದೆಷ್ಟು ಎಂದು ಕೇಳಬೇಕು.

ನಾವಿಬ್ಬರೂ ಸದ್ಯಕ್ಕೆ ತೋಟದ ಆಸೆ ಬಿಟ್ಟಿದ್ದೇವೆ. ನಿವೃತ್ತಿಯ ನಂತರದ ಮೊದಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬಸ್‌ಸ್ಟ್ಯಾಂಡಿಗೆ ಕಾಲ್ನಡಿಗೆಯ ದೂರದಲ್ಲಿ ಬಾಡಿಗೆ ಮನೆ ಹಿಡಿಯುವುದೆಂದು ನಿಶ್ಚಯಿಸಿದ್ದೇವೆ. ಪುಸ್ತಕಗಳು ಮಾತ್ರ ಆ ನಾಲ್ಕು ತಿಂಗಳು ಮುಂಬಯಿಯಲ್ಲಿಯೇ ಇರಲಿವೆ.