ಸೇನೆಯ ಹಳೇ ಜೀಪು, ಲಾರಿ ಅಗ್ಗಕ್ಕೆ ಸಿಗುತ್ತವೆಯೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

“ನಾನು ಸೈನಿಕ. ದೂರದೂರಿಗೆ ವರ್ಗವಾಗಿದೆ. ಮಿಲಿಟರಿ ಜೀಪನ್ನು ಅರ್ಧ ಬೆಲೆಗೆ ಕೊಡುತ್ತೇನೆ, ಮೊದಲು ಅಡ್ವಾನ್ಸ್ ಹಾಕಿ.” ಇಂಥ ಸಂದೇಶ, ಜೊತೆಗೊಂದು ಹಸಿರು ಜೀಪಿನ ಫೋಟೊ ನಿಮ್ಮ ಗ್ರೂಪಿಗೂ ಬಂದಿರಬಹುದು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ. ಸೈನಿಕರೆಂದರೆ ನಮ್ಮ ಕಡೆ ಗೌರವ ಹೆಚ್ಚು. ಹಾಗಾಗಿ ಸವದತ್ತಿ, ಬೈಲಹೊಂಗಲ ಕಡೆಯವರು ಇಂಥ ಮಾತನ್ನು ಬೇಗ ನಂಬಿಬಿಡಬಹುದು. ಹಾಗಾದರೆ ನಿಜವೇನು?

ಹಳೇ ಸೇನಾ ವಾಹನ ಇಟ್ಟುಕೊಳ್ಳಬಹುದೇ?

ಇಟ್ಟುಕೊಳ್ಳಬಹುದು, ಅದು ಅಪರಾಧವಲ್ಲ. ಜಬಲ್ಪುರದ ಕಾರ್ಖಾನೆಯಲ್ಲಿ 1959ರಿಂದ ತಯಾರಾದ ಶಕ್ತಿಮಾನ್ ಲಾರಿ, 1969ರಿಂದ ತಯಾರಾದ ಜೋಂಗಾ ಜೀಪು ಎಂದರೆ ಹಲವರಿಗೆ ಇಂದಿಗೂ ಪ್ರಾಣ. ಜೋಂಗಾದ ಮೂಲ ಜಪಾನಿನ ನಿಸ್ಸಾನ್, ಶಕ್ತಿಮಾನ್ ಮೂಲ ಜರ್ಮನಿಯ ಮಾನ್ ಕಂಪನಿ. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಸಿಗುವುದರಿಂದ ಕೆಸರು, ಏರು ಯಾವುದಕ್ಕೂ ಇವು ಹಿಂಜರಿಯುವುದಿಲ್ಲ.

ಸೇನೆ ಹೇಗೆ ಮಾರುತ್ತದೆ?

ಬಳಕೆ ಮುಗಿದ ವಾಹನಗಳನ್ನು ಸೇನೆ ಹರಾಜಿನ ಮೂಲಕ ವಿಲೇವಾರಿ ಮಾಡುತ್ತದೆ. ಕೇಂದ್ರ ಸರ್ಕಾರದ ಎಂಎಸ್‌ಟಿಸಿ ಸಂಸ್ಥೆಯ ಆನ್‌ಲೈನ್ ಹರಾಜು ಇದಕ್ಕೆ ಮುಖ್ಯ ದಾರಿ. ಅಲ್ಲಿ ಹೆಸರು ನೋಂದಾಯಿಸಿ, ಠೇವಣಿ ಕಟ್ಟಿ ಬಿಡ್ ಮಾಡಬೇಕು. ಯಾವ ಸೈನಿಕನೂ ಸರ್ಕಾರದ ವಾಹನವನ್ನು ವಾಟ್ಸಾಪಿನಲ್ಲಿ ಮಾರುವಂತಿಲ್ಲ.

ಕಾಗದಪತ್ರ ಏನು ಬೇಕು?

ಸೇನೆಯಲ್ಲಿರುವಾಗ ವಾಹನದ ನಂಬರ್ ಮೇಲ್ಮುಖ ಬಾಣದ ಗುರುತಿನ ಜೊತೆಗಿರುತ್ತದೆ, ಆರ್‌ಟಿಒ ನೋಂದಣಿ ಇರುವುದಿಲ್ಲ. ಸೇನೆಯಿಂದ ಹೊರಬಂದ ಮೇಲೆ ಅದನ್ನು ಓಡಿಸಬೇಕಾದರೆ ಆರ್‌ಟಿಒದಲ್ಲಿ ಹೊಸದಾಗಿ ನೋಂದಣಿ ಮಾಡಿಸಬೇಕು. ಸೇನೆಯ ಬಿಡುಗಡೆ ಪತ್ರ ಮತ್ತು ಹರಾಜಿನ ರಸೀದಿ ಇಲ್ಲದ ವಾಹನ ಕೊಂಡರೆ ನಿಮಗೆ ಉಳಿಯುವುದು ಗುಜರಿ ಮಾತ್ರ. ಬೇರೆಯವರಿಂದ ಕೊಳ್ಳುವುದಾದರೆ ಆರ್‌ಸಿ, ಎಂಜಿನ್ ನಂಬರ್, ಚಾಸಿ ನಂಬರ್ ಮೂರೂ ತಾಳೆಯಾಗುತ್ತವೆಯೇ ನೋಡಿ.

ಮಿಲಿಟರಿ ಹಸಿರು ಬಣ್ಣ ಬಳಿಸಬಹುದೇ?

ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು. ಹಳೇ ಜೀಪಿಗೂ ಬೇರೆ ಬಣ್ಣವೇ ಬೇಕು.

50 ವರ್ಷ ದಾಟಿದರೆ ಎಲ್ಲೆಂದರಲ್ಲಿ ಓಡಿಸಬಹುದೇ?

ಇದೂ ಸುಳ್ಳು. 2021ರ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ‘ವಿಎ’ ಅಕ್ಷರಗಳು ಇರುತ್ತವೆ. ಆದರೆ ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ, ರಿಪೇರಿ ಇಂಥ ಕೆಲಸಗಳಿಗೆ ಮಾತ್ರ ರಸ್ತೆಗೆ ಇಳಿಸಬೇಕು. ಹುಣ್ಣಿಮೆಗೆ ಜನರನ್ನು ಹತ್ತಿಸಿಕೊಂಡು ಯಲ್ಲಮ್ಮನಗುಡ್ಡಕ್ಕೆ ಬಾಡಿಗೆ ಹೊಡೆಯುವಂತಿಲ್ಲ. ಆರು ಚಕ್ರದ ಲಾರಿಗೆ ಈ ಸೌಲಭ್ಯವೇ ಇಲ್ಲ. ಲಾರಿಯ ಒಟ್ಟು ತೂಕ 7,500 ಕಿಲೋ ದಾಟಿದರೆ ಕಾರಿನ ಲೈಸೆನ್ಸೂ ಸಾಲದು.

ಮೋಸ ಗುರುತಿಸುವುದು ಹೇಗೆ?

• ಗಾಡಿ ತೋರಿಸುವ ಮೊದಲೇ ಹಣ ಕೇಳುತ್ತಾರೆ.
• ನಂಬಿಕೆ ಹುಟ್ಟಿಸಲು ಸೇನೆಯ ಗುರುತಿನ ಚೀಟಿಯ ಫೋಟೊ ಕಳಿಸುತ್ತಾರೆ. ಅದು ಕದ್ದದ್ದೋ ನಕಲಿಯೋ ಇರಬಹುದು.
• “ಗಾಡಿ ಸೇನೆಯ ಲಾರಿಯಲ್ಲಿ ಹೊರಟಿದೆ, ಸಾಗಣೆ ಖರ್ಚು ಹಾಕಿ” ಎಂದು ಮತ್ತೆ ಮತ್ತೆ ಕೇಳುತ್ತಾರೆ.
• “ಹಣ ವಾಪಸ್ ಬರಲು ಕ್ಯೂಆರ್ ಸ್ಕ್ಯಾನ್ ಮಾಡಿ” ಎನ್ನುತ್ತಾರೆ. ನೆನಪಿಡಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ನಿಮ್ಮ ಹಣ ಹೋಗುತ್ತದೆ, ಬರುವುದಿಲ್ಲ.

ಹಣ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನೆ ಕೂರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ನಮ್ಮ ತೀರ್ಮಾನ: ಹಳೇ ಸೇನಾ ವಾಹನದ ಹವ್ಯಾಸ ನಿಜ, ಆದರೆ ಅರ್ಧ ಬೆಲೆಯ ಫಾರ್ವರ್ಡ್ ನಂಬಬೇಡಿ. ಮೊದಲು ಗಾಡಿ ಕಣ್ಣಾರೆ ನೋಡಿ, ಕಾಗದ ಕೈಯಲ್ಲಿ ಹಿಡಿದು ಆರ್‌ಟಿಒದಲ್ಲಿ ವಿಚಾರಿಸಿ, ಆಮೇಲೆ ದುಡ್ಡಿನ ಮಾತು.